ಸ್ಟೆಪ್ನಿಯ ತವರುಮನೆ

ಟೈರು ಸವೆದಿದೆಯೇ ಇಲ್ಲವೇ ಎಂದು ನೋಡಲು ನಾವಿರುವ ವೇಲ್ಸಿನಲ್ಲಿ ಇಪ್ಪತ್ತು ಪೆನ್ನಿಯ ನಾಣ್ಯ ಸಾಕು. ಟೈರಿನ ಗೀರಿನೊಳಗೆ ನಾಣ್ಯ ನಿಲ್ಲಿಸಬೇಕು. ಅದರ ಅಂಚಿನ ಪಟ್ಟಿ ಮುಚ್ಚಿಹೋದರೆ ಇನ್ನಷ್ಟು ದಿನ ಓಡಿಸಬಹುದು, ಕಂಡರೆ ಹೊಸ ಟೈರಿಗೆ ದುಡ್ಡು ಹೊಂದಿಸಬೇಕು. ಕಾನೂನಿನ ಮಿತಿ 1.6 ಮಿ.ಮೀ. ಇಷ್ಟನ್ನು ಸ್ವಾನ್ಸೀಯಿಂದ ವಿಡಿಯೋ ಕಾಲ್ ಮಾಡಿ ಬೀದರಿನ ಅಪ್ಪನಿಗೆ ತಿಳಿಸಿ ಹೇಳಲು ನನಗೆ ನಲವತ್ತು ನಿಮಿಷ ಹಿಡಿಯಿತು. ಅದರಲ್ಲಿ ಇಪ್ಪತ್ತೈದು ನಿಮಿಷ ಫೋನು ಅಪ್ಪನ ಕಿವಿಯನ್ನೇ ತೋರಿಸುತ್ತಿತ್ತು.

"ಇಲ್ಲಿ ಆ ನಾಣ್ಯ ಎಲ್ಲಿಂದ ತರ್ಲಿ?" ಅಂದರು ಅಪ್ಪ.

"ಹ್ವಾದ ಸಲ ಬಂದಾಗ ಬಿಟ್ಟು ಹೋಗ್ಯಾನಲ್ಲ, ಜಗಲಿ ಮ್ಯಾಲ ಅದ" ಎಂದು ಅವ್ವ ಒಳಗಿಂದ ಕೂಗಿದಳು. ಜಗಲಿ ಅಂದರೆ ದೇವರ ಜಗಲಿ. ಪರದೇಶದ ದುಡ್ಡೂ ಲಕ್ಷ್ಮಿಯೇ ಎಂದು ಅವಳು ಆ ನಾಣ್ಯಕ್ಕೆ ದಿನಾ ಕುಂಕುಮ ಹಚ್ಚುತ್ತಿದ್ದಳು. ಹಾಗಾಗಿ ಹಣೆತುಂಬ ಕುಂಕುಮ ಇಟ್ಟುಕೊಂಡ ಎಲಿಜಬೆತ್ ರಾಣಿ ನಮ್ಮ ಡಿಜೈರ್ ಕಾರಿನ ಟೈರಿನೊಳಗೆ ಇಳಿದರು. ಅಂಚು ಪೂರಾ ಕಂಡಿತು. ರಾಣಿಯ ಗದ್ದವೂ ಕಂಡಿತು ಅಂದರೆ ಟೈರಿನ ಸ್ಥಿತಿ ನೀವೇ ಊಹಿಸಿ.

ಅಪ್ಪನಿಗೆ ಎಪ್ಪತ್ತನಾಲ್ಕು. ತಿಂಗಳಿಗೆ ಎರಡು ಸಲ ಔರಾದಿನ ಹೊಲಕ್ಕೆ ತಾವೇ ಕಾರು ಓಡಿಸಿಕೊಂಡು ಹೋಗುತ್ತಾರೆ. ಡ್ರೈವರ್ ಇಟ್ಟುಕೊಳ್ಳಿ ಅಂದರೆ "ಅವನ ಹಿಂದ ಕೂತು ನಾ ಏನ್ ಮಾಡ್ಲಿ?" ಅನ್ನುತ್ತಾರೆ. ನಾನು ಪಕ್ಕದ ಸೀಟಿನಲ್ಲಿ ಕೂತು "ಅಪ್ಪಾ, ಸಾವಕಾಶ" ಅನ್ನುವಷ್ಟು ಹತ್ತಿರ ಇಲ್ಲ. ದೂರ ಇರುವ ಮಕ್ಕಳು ಕೊನೆಗೆ ರಬ್ಬರಿನ ಮೇಲೆ ಭಾರ ಹಾಕುತ್ತಾರೆ.

ಸ್ವಾನ್ಸೀಯಲ್ಲಿ ನನ್ನ ಕಾರಿನ ಟೈರು ಕೊಳ್ಳಲು ಆರು ನಿಮಿಷ ಹಿಡಿದಿತ್ತು. ಫೋನಿನಲ್ಲಿ ಗಾಡಿಯ ನಂಬರ್ ಹಾಕಿದರೆ ಅಳತೆ ತಾನಾಗಿ ಬಂತು. ಒದ್ದೆ ರಸ್ತೆಯ ಹಿಡಿತಕ್ಕೆ ಒಂದು ಅಕ್ಷರ, ಇಂಧನ ಉಳಿತಾಯಕ್ಕೆ ಒಂದು ಅಕ್ಷರ, ಸದ್ದಿಗೆ ಡೆಸಿಬಲ್ ಲೆಕ್ಕ. ವರ್ಷವಿಡೀ ಮಳೆ ಸುರಿಯುವ ಊರು, ಆದ್ದರಿಂದ ಒದ್ದೆಗೆ 'ಎ' ಇದ್ದದ್ದನ್ನು ಒತ್ತಿದೆ. ಮರುದಿನ ಒಬ್ಬ ವ್ಯಾನ್ ತಂದು ಮನೆ ಮುಂದೆಯೇ ಹಾಕಿ ಹೋದ. ಎಷ್ಟು ಮಕ್ಕಳು ಅಂತಲೂ ಕೇಳಲಿಲ್ಲ.

ಹೋದ ಡಿಸೆಂಬರಿನಲ್ಲಿ ರಜೆಗೆ ಬಂದವನು ಇದೇ ಆರು ನಿಮಿಷದ ಭರವಸೆಯಿಂದ ಬೀದರಿನಲ್ಲಿ ಇಳಿದೆ. ಟೈರು ಇನ್ನೂ ಹಳೆಯದೇ. "ಯಾಕಪ್ಪಾ?" ಅಂದರೆ ಅಪ್ಪನ ಮುಖದಲ್ಲಿ ಗೆದ್ದವನ ನಗು. "ಸೆಪ್ಟೆಂಬರ್ 22ಕ್ಕ ಜಿಎಸ್‌ಟಿ 28ರಿಂದ 18ಕ್ಕ ಇಳೀತು. ನಿನ್ನ ಮಾತು ಕೇಳಿ ಬ್ಯಾಸಿಗ್ಯಾಗೇ ಹಾಕ್ಸಿದ್ರ?" ಸರ್ಕಾರದ ಮನಸ್ಸು ತಮಗೆ ಮೊದಲೇ ತಿಳಿದಿತ್ತು ಎಂಬಂತೆ ಹೇಳಿದರು. ಮತ್ತೆ ಮೂರು ತಿಂಗಳು ಯಾಕೆ ಸುಮ್ಮನಿದ್ದಿರಿ ಅಂದೆ. "ಇನ್ನೂ ಇಳೀಬಹುದು ಅಂತ."

ಸುದ್ದಿ ಭಾಲ್ಕಿಗೆ ಮುಟ್ಟಿತು. ಅದು ನನ್ನ ಹೆಂಡತಿಯ ತವರು. ಬೀದರಿನ ಗಾಡಿಗಳ ಫಲಕ ಕೆಎ 38, ಭಾಲ್ಕಿಯದು ಕೆಎ 39. ಒಂದು ಅಂಕಿ ಹೆಚ್ಚಿರುವುದರಿಂದ ಗಾಡಿಯ ವಿಷಯದಲ್ಲಿ ತಮ್ಮ ತಿಳಿವಳಿಕೆಯೂ ಒಂದು ಕೈ ಹೆಚ್ಚು ಎಂದು ಮಾವನವರ ನಂಬಿಕೆ. ಅವರು ಸ್ವಾನ್ಸೀಗೆ ಬಂದಾಗ ಬೋರ್ಡುಗಳ ಮೇಲೆ ಇಂಗ್ಲಿಷಿನ ಜೊತೆ ವೆಲ್ಷ್ ನೋಡಿ ಕಣ್ಣಲ್ಲಿ ನೀರು ತಂದುಕೊಂಡಿದ್ದರು. ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಊರಿನವರು, ಅಳದೆ ಇರುತ್ತಾರೆಯೇ? ಆದರೆ ಟೈರಿನ ವಿಷಯದಲ್ಲಿ ಅವರು ಕಠೋರ.

"ಅಳೇರ, ಎಂಆರ್‌ಎಫ್ ಬಿಟ್ಟು ಬ್ಯಾರೆ ಮಾತೇ ಇಲ್ಲ. ಸಚಿನ್ ಬ್ಯಾಟಿನ ಮ್ಯಾಲ ಅದೇ ಇತ್ತು."

"ಮಾವ, ಆ ಕಂಪನಿ 1946ರಲ್ಲಿ ಮದ್ರಾಸಿನಾಗ ಆಟದ ಬಲೂನು ಮಾಡ್ತಿತ್ತು."

"ಮತ್ತ? ಗಾಳಿ ಹಿಡಿಯೋ ವಿದ್ಯಾ ಹುಟ್ಟಿನಿಂದನೇ ಬಂದದ."

ಭಾವಮೈದುನ ರೋಹಿತ್ ಶರ್ಮನ ಪಕ್ಷ. ರೋಹಿತನ ಬ್ಯಾಟಿನ ಮೇಲೆ ಸಿಯೆಟ್, ಆದ್ದರಿಂದ ಸಿಯೆಟ್. ಮುಕ್ಕಾಲು ಗಂಟೆ ಅಪ್ಪ ಮಗ ಶತಕಗಳನ್ನು ಎಣಿಸಿದರು. ಒದ್ದೆ ಹಿಡಿತ ಎಂದು ನಾನು ಬಾಯಿ ತೆರೆದಾಗ "ಇಲ್ಲಿ ಒದ್ದಿ ಎಲ್ಲಿ ಅದ? ಕಬ್ಬಿನ ಟ್ರ್ಯಾಕ್ಟರ್ ಮುಂದ ಬಂದ್ರ ಬ್ರೇಕ್ ಹತ್ಬೇಕು, ಅಷ್ಟೇ" ಅಂದರು ಮಾವ. ಇದು ಮಾತ್ರ ಅಪ್ಪಟ ಸತ್ಯ. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ರಾತ್ರಿ ಹೊರಟ ಟ್ರ್ಯಾಕ್ಟರಿಗೆ ಯುರೋಪಿನ ಯಾವ ಲೇಬಲ್ಲೂ ಅಕ್ಷರ ಕೊಟ್ಟಿಲ್ಲ.

ನಮ್ಮ ಕಾಕಾ ನಿವೃತ್ತ ಮಾಸ್ತರು. ಅವರದು ನಾಡಾಭಿಮಾನದ ಟೈರು: "ಮೈಸೂರಿನ ವಿಕ್ರಾಂತ ಹಾಕ್ಸು." ಅದನ್ನು ಜೆಕೆ ಕಂಪನಿ ಕೊಂಡು ಎಷ್ಟೋ ಕಾಲವಾಯಿತು ಅಂದೆ. "ಕೊಂಡ್ರ ಏನಾಯ್ತು, ಊರು ಮೈಸೂರೇ ಅಲ್ಲೇನು?" ಅಂದರು. ಕಾಕಾ ಜೀವನದಲ್ಲಿ ಮೈಸೂರು ನೋಡಿಲ್ಲ. ಹಲ್ಲು ನೋವಾದರೂ ಹೈದರಾಬಾದಿಗೆ ಹೋಗುತ್ತಾರೆ.

ಔರಾದಿನ ಸೋದರಮಾವ ಫೋನಿನಲ್ಲೇ ತೀರ್ಪು ಕೊಟ್ಟರು. "ಏ ಅಳ್ಯಾ, ದೇಗಲೂರಿಗಿ ಹೋಗು. ಮಹಾರಾಷ್ಟ್ರದಾಗ ಸಸ್ತಾ." ತೆರಿಗೆ ದೇಶಕ್ಕೆಲ್ಲ ಒಂದೇ ಮಾಮಾ ಅಂದೆ. "ತೆರಿಗಿ ಒಂದೇ, ಮಂದಿ ಬ್ಯಾರೆ." ಗಡಿಯಲ್ಲಿ ಹುಟ್ಟಿದವರಿಗೆ ಆಚೆ ರಾಜ್ಯದಲ್ಲಿ ಎಲ್ಲವೂ ಅಗ್ಗ. ಆಚೆಯವರು ಸಕ್ಕರೆ ಕೊಳ್ಳಲು ಈಚೆ ಬರುತ್ತಿರುತ್ತಾರೆ.

ಒಂಬತ್ತನೆಯ ದಿನ ಬೀದರಿನ ಒಂದು ಅಂಗಡಿಯಲ್ಲಿ ನಾವು ಏಳು ಮಂದಿ ಸೇರಿದೆವು. ಅಂಗಡಿಯ ಭಾಯ್ ಟೈರಿಗಿಂತ ಮೊದಲು ಚಹಾ ತರಿಸಿದರು. ನಾನು ಟೈರಿನ ಪಕ್ಕೆ ಓದತೊಡಗಿದೆ. 185/65 ಆರ್ 15, ಅಂದರೆ ಅಗಲ 185 ಮಿ.ಮೀ., ಎತ್ತರ ಅದರ ಶೇಕಡಾ 65, ಚಕ್ರ 15 ಇಂಚು. ಮುಂದೆ 88 ಎಚ್. ಎಂಬತ್ತೆಂಟು ಅಂದರೆ ಒಂದು ಟೈರು 560 ಕಿಲೋ ಹೊರುತ್ತದೆ, ಎಚ್ ಅಂದರೆ ಗಂಟೆಗೆ 210 ಕಿ.ಮೀ. ತಡೆಯುತ್ತದೆ ಎಂದು ಸೋದರಮಾವನಿಗೆ ಫೋನಿನಲ್ಲಿ ಹೇಳಿದೆ. ಅವರು ಕೂಡಲೇ ಲೆಕ್ಕ ಹಾಕಿದರು. "ಐದೂವರಿ ಕ್ವಿಂಟಲ್ ತೊಗರಿ! ನಾಕು ಟೈರಿಗಿ ಇಪ್ಪತ್ತೆರಡು. ಟ್ರ್ಯಾಕ್ಟರ್ ಯಾಕ ಬೇಕು?" ಕಾರಿನ ತೂಕ ಕಳೆಯಬೇಕು ಮಾಮಾ ಅಂದೆ. ಅವರು ಆಗಲೇ ಬಾಡಿಗೆ ಉಳಿಸಿಯಾಗಿತ್ತು.

ನಾನು ಇನ್ನೂ ಹುಡುಕುತ್ತಿದ್ದುದನ್ನು ನೋಡಿ ಭಾಯ್ ಕೇಳಿದರು: "ಸಾಹೇಬ್ರ, ಏನ್ ನೋಡ್ಲತ್ತೀರಿ?"

"ಹುಟ್ಟಿದ ದಿನ." ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಓಡದೆ ಮೂಲೆಯಲ್ಲಿ ಕೂತರೂ ರಬ್ಬರು ಮುದಿಯಾಗುತ್ತದೆ. ಕೊನೆಗೆ ಸಿಕ್ಕಿತು: 3225. 2025ರ ಮೂವತ್ತೆರಡನೆಯ ವಾರ.

"ಹುಡುಗಿ ನೋಡ್ಲಾಕ ಬಂದಾಗ ಇಷ್ಟು ನೋಡಿದ್ದಿಲ್ಲ ಇವರು" ಎಂದರು ಮಾವ, ಯಾರಿಗೂ ಹೇಳದವರಂತೆ. ಅವ್ವ ಮಾತ್ರ ಅಂಗಡಿಯ ಕ್ಯಾಲೆಂಡರ್ ಹಿಂದಕ್ಕೆ ತಿರುವಿದಳು. ಆಗಸ್ಟ್ ಮೊದಲ ಭಾಗ, ರಾಖಿ ಹುಣ್ಣಿಮೆಯ ವಾರ. "ಶ್ರಾವಣದಾಗ ಹುಟ್ಯಾದ. ಹಾಕ್ರಿ." ಸಚಿನ್, ರೋಹಿತ್, ಮೈಸೂರು, ದೇಗಲೂರು ಎಲ್ಲರೂ ಅಲ್ಲಿಗೆ ಬಾಯಿ ಮುಚ್ಚಿದರು. ಆ ಟೈರು ಯಾವ ಕಂಪನಿಯದು ಎಂದು ನಾನು ಇಲ್ಲಿ ಬರೆಯುವುದಿಲ್ಲ. ನನಗೆ ಭಾಲ್ಕಿಗೆ ಇನ್ನೂ ಹೋಗಿ ಬರುವುದಿದೆ.

ಸ್ಟೆಪ್ನಿ ಸೇರಿ ಐದೂ ಹೊಸದಿರಲಿ ಎಂದು ಹಟ ಮಾಡಿದವನು ನಾನೇ.

ಎಳ್ಳಮಾಸಿಗೆ ಒಂಬತ್ತು ಜನ (ಪೊಲೀಸರು ಓದದಿರಲಿ), ಭಜ್ಜಿ, ಸಜ್ಜೆ ಕಡಬು, ರೊಟ್ಟಿಯ ಗಂಟು, ಅಂಬಲಿಯ ಗಡಿಗೆ ಸಮೇತ ಔರಾದಿನ ಹೊಲಕ್ಕೆ ಹೊರಟೆವು. ಚರಗ ಚೆಲ್ಲಿ, ಉಂಡು, ಜೋಳದ ನಡುವೆ ಒಂದು ನಿದ್ದೆ ತೆಗೆದು ಎದ್ದರೆ ಕಾರು ಎಡಕ್ಕೆ ವಾಲಿತ್ತು. ಜಾಲಿ ಮುಳ್ಳಿಗೆ ಶ್ರಾವಣವೂ ಇಲ್ಲ, ಸಚಿನ್ನೂ ಇಲ್ಲ. ಡಿಕ್ಕಿ ತೆಗೆದು ಹಾಸು ಎತ್ತಿದೆ. ಸ್ಟೆಪ್ನಿ ಇರಬೇಕಾದ ದುಂಡು ಕುಣಿಯಲ್ಲಿ, ಅಳತೆ ಕೊಟ್ಟು ಮಾಡಿಸಿದಂತೆ, ಅಂಬಲಿಯ ಗಡಿಗೆ ಕೂತಿತ್ತು.

"ಸ್ಟೆಪ್ನಿ ಎಲ್ಲಿ ಅಪ್ಪಾ?"

"ಮನ್ಯಾಗ. ಅಲ್ಮಾರಿ ಬಾಜು. ಪರದೇಶದಿಂದ ಬಂದು ಕೊಡ್ಸೀದಿ, ಹೊಸಾದು ಸುಮ್ಮ ಧೂಳ್ಯಾಗ ಯಾಕ ಹಾಳಾಗ್ಬೇಕು?"

ಹದಿನೇಳು ವರ್ಷದಿಂದ ನಾನು ಕಳಿಸಿದ ಸ್ವೆಟರ್, ಸೆಂಟು, ಫ್ಲಾಸ್ಕು ಎಲ್ಲ ಆ ಅಲ್ಮಾರಿಯಲ್ಲೇ ಪ್ಲಾಸ್ಟಿಕ್ ಹೊದ್ದು ಕೂತಿವೆ. ಈಗ ಅವಕ್ಕೆ ಒಂದು ಟೈರು ಜೊತೆಯಾಗಿತ್ತು.

ಸೋದರಮಾವ ಫೋನು ಮಾಡಿ ಪಂಚರ್ ಹುಡುಗನನ್ನು ಕರೆಸಿದರು. ಬೈಕಿನ ಮೇಲೆ ಬಂದವನ ಮೊದಲ ಮಾತೂ "ಸ್ಟೆಪ್ನಿ ಇಲ್ಲೇನ್ರಿ?" ಅಪ್ಪನ ಮಾನ ಉಳಿಸಲು ಮಾತು ತಿರುಗಿಸಬೇಕಿತ್ತು. ತಮ್ಮಾ, ಆ ಪದ ನಮ್ಮ ಊರಿನದು ಗೊತ್ತೇನು ಅಂದೆ. ಹಳೆಯ ಕಾಲದ ಕಾರಿಗೆ ಹೆಚ್ಚುವರಿ ಚಕ್ರವೇ ಇರಲಿಲ್ಲ. ಸ್ವಾನ್ಸೀ ಪಕ್ಕದ ಊರಿನಲ್ಲಿ 1904ರಲ್ಲಿ ಡೇವಿಸ್ ಸೋದರರು, ಪಂಚರ್ ಆದ ಚಕ್ರಕ್ಕೆ ಬಿಗಿಯುವ ಗಾಳಿ ತುಂಬಿದ ಬಳೆಯೊಂದನ್ನು ಮಾಡಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಆ ಊರಿನ ಹೆಸರನ್ನು ಲನೆಲ್ಲಿ ಎಂದು ಬರೆಯಬಹುದು, ಅನ್ನಲು ಬಾರದು. ನಾಲಗೆಯನ್ನು ಅಂಗುಳಿಗೆ ಒತ್ತಿ ಎರಡೂ ಕಡೆಯಿಂದ ಉಸಿರು ಬಿಡಬೇಕು, ಟೈರಿನಿಂದ ಗಾಳಿ ಸೋರಿದ ಹಾಗೆ. ಅಲ್ಲಿಯ ಬೀದಿಯಲ್ಲಿ ನಿಂತು ನಾನು ನಾಲ್ಕು ಜನರನ್ನು ಕೇಳಿದ್ದೇನೆ. ಸ್ಟೆಪ್ನಿ ಅಂದರೆ ಬೀದಿ ಅಂದರು, ಚಕ್ರ ಎಂದು ಒಬ್ಬರೂ ಅನ್ನಲಿಲ್ಲ. ತವರು ಮರೆತ ಮಾತು ಔರಾದಿನಲ್ಲಿ ದಿನಾ ದುಡಿಯುತ್ತಿದೆ. (ಆ ಪದಕ್ಕೆ ನಮ್ಮ ಕಡೆ ಇನ್ನೊಂದು ಅರ್ಥವೂ ಇದೆ. ಇದನ್ನು ಹೆಂಡತಿ ಓದುವುದರಿಂದ ಅದು ಬೇಡ.)

ಹುಡುಗ ಮುಳ್ಳು ಕಿತ್ತು, ತೂತಿಗೆ ರಬ್ಬರಿನ ಬತ್ತಿ ತುರುಕುತ್ತ ಕೇಳಿದ: "ಹಂಗಾರ ಅಲ್ಲಿ ನಿಮ್ಮ ಗಾಡ್ಯಾಗ ಸ್ಟೆಪ್ನಿ ಭಾರಿ ಇರ್ಬೇಕಲ್ರಿ?"

ಇಲ್ಲ. ಈಗಿನ ಎಷ್ಟೋ ಕಾರುಗಳಂತೆ ನನ್ನದರಲ್ಲೂ ಇರುವುದು ಒಂದು ಅಂಟಿನ ಬಾಟಲಿ, ಒಂದು ಸಣ್ಣ ಪಂಪು. ನಿಜ ಹೇಳಿದೆ. ಅವನು ಗಡಿಗೆ ನೋಡಿದ, ಅಪ್ಪನನ್ನು ನೋಡಿದ, ನನ್ನನ್ನು ನೋಡಿದ. "ಮತ್ತ ಇಬ್ರದೂ ಒಂದೇ ಆಯ್ತಲ್ರಿ" ಅಂದ. ನೂರು ರೂಪಾಯಿ ತಗೊಂಡು, ಒಂದು ಲೋಟ ಅಂಬಲಿ ಕುಡಿದು ಹೋದ.

ಜನವರಿಯಲ್ಲಿ ಸ್ವಾನ್ಸೀಗೆ ಮರಳಿದ ವಾರವೇ ನನ್ನ ಕಾರಿನಲ್ಲಿ ಟೈರಿನ ಹಳದಿ ದೀಪ ಹತ್ತಿತು. ಬಾಯಿ ತಪ್ಪಿ ಫೋನಿನಲ್ಲಿ ಹೇಳಿಬಿಟ್ಟೆ. ಅಪ್ಪ ನೆಟ್ಟಗೆ ಕೂತರು. "ಕ್ಯಾಮೆರಾ ತಿರುಗ್ಸು. ಕೆಳಗ. ಇನ್ನಾ ಕೆಳಗ. ಗೀರಿನಾಗ ನಾಣ್ಯ ನಿಲ್ಲಿಸಿ ತೋರ್ಸು."

ಕಿಸೆ ನೋಡಿದೆ, ಹೆಂಡತಿಯ ಚೀಲ ನೋಡಿದೆ, ಮಗಳ ಹುಂಡಿ ಅಲ್ಲಾಡಿಸಿದೆ. ಇಲ್ಲಿ ಎಲ್ಲಕ್ಕೂ ಕಾರ್ಡು, ಚಿಲ್ಲರೆ ಮುಟ್ಟಿ ಎಷ್ಟು ಕಾಲವಾಯಿತೋ. ನಮ್ಮ ಮನೆಯಲ್ಲಿ ಒಂದೂ ಇಪ್ಪತ್ತು ಪೆನ್ನಿ ಇಲ್ಲ ಅಪ್ಪಾ ಅಂದೆ.

"ತಡಿ, ತಡಿ, ಜಗಲಿ ಮ್ಯಾಲ ಅದ, ತರ್ತೀನಿ" ಎಂದು ಅವ್ವ ಒಳಗೆ ಓಡಿದಳು.