ಸಪ್ತಪದರ ಸಂರಚನೆಯಲ್ಲಿ ಜಾಲ ಅಭಿಯಂತರನ ಅಸ್ಮಿತೆ: ಒಂದು ಗೃಹಕೇಂದ್ರಿತ ಅನುಸಂಧಾನ

ಪೀಠಿಕೆ

ಪ್ರಸ್ತುತ ಅಧ್ಯಯನವು ಸಮಕಾಲೀನ ನಗರ ಸಂದರ್ಭದಲ್ಲಿ ನೆಟ್‌ವರ್ಕ್ ಇಂಜಿನಿಯರ್ ಎಂಬ ಪ್ರಭೇದದ ಉದ್ಯೋಗ, ಗೃಹಕೃತ್ಯ ಹಾಗೂ ಹವ್ಯಾಸಗಳ ಅಂತಃಸಂಬಂಧೀಯ ಆಯಾಮಗಳನ್ನು ಸೈದ್ಧಾಂತಿಕ ಚೌಕಟ್ಟೊಂದರೊಳಗೆ ಮುನ್ನೆಲೆಗೆ ತರುವ ವಿನಮ್ರ ಪ್ರಯತ್ನವಾಗಿದೆ. ವ್ಯಾಪ್ತಿ: ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಎರಡನೆಯ ಮಹಡಿಯ ಒಂದು ಬಾಡಿಗೆ ಮನೆ. ಮಿತಿ: ಅದೇ ಮನೆ. ವಿಧಾನ: ಸಹಭಾಗಿ ಅವಲೋಕನ, ಅಂದರೆ ಸಂಶೋಧಕಿಯು ವಕ್ತೃವನ್ನು ಮದುವೆಯಾಗಿದ್ದಾಳೆ. ವಕ್ತೃವನ್ನು ಇನ್ನು ಮುಂದೆ ‘ಸದರಿಯವರು’ ಎಂದು ಕರೆಯಲಾಗುವುದು.

ಈ ಭಾಷೆ ಸಂಶೋಧಕಿಯ ಸ್ವಂತದ್ದಲ್ಲ, ಸಂಪಾದಿಸಿದ್ದು. ಜಾನಪದದಲ್ಲಿ ಪಿಎಚ್‌ಡಿ ಮಾಡುವಾಗ ‘ಹಾಡು ಮುಗಿಸಿ ಅಜ್ಜಿ ಅತ್ತರು’ ಎಂದು ಬರೆದಿದ್ದ ವಾಕ್ಯವನ್ನು ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಹೊಡೆದು, ‘ವಕ್ತೃವಿನಲ್ಲಿ ಭಾವನಾತ್ಮಕ ಪ್ರತಿಕ್ರಿಯಾಶೀಲತೆ ಗೋಚರಿಸಿತು’ ಎಂದು ತಿದ್ದಿದ್ದರು. ಅಜ್ಜಿ ಮಾಯವಾದರು, ಡಾಕ್ಟರೇಟ್ ಬಂತು.

ಪೂರ್ವಾಧ್ಯಯನಗಳ ಸಮೀಕ್ಷೆ

ಈ ವಿಷಯದಲ್ಲಿ ಈಗಾಗಲೇ ಮೂರು ಚಿಂತನಧಾರೆಗಳಿವೆ. ಅತ್ತೆಯವರದು ಶಾಸ್ತ್ರೀಯ ಪಂಥ: ‘ನಮ್ಮ ಹುಡುಗ ಕಂಪ್ಯೂಟರಿಗೆ ವೈರ್ ಹಾಕ್ತಾನೆ.’ ಕೆಳಮನೆಯ ಅಂಕಲ್‌ರದು ಉಪಯುಕ್ತತಾವಾದ: ‘ಪ್ರಿಂಟರ್ ಸ್ವಲ್ಪ ನೋಡ್ತೀರಾ?’ ಮದುವೆಮನೆಗಳದು ದ್ವೈತ: ‘ಸಾಫ್ಟ್‌ವೇರಾ? ಅಲ್ವಾ? ಹಾಗಾದ್ರೆ ಹಾರ್ಡ್‌ವೇರು ಬಿಡಿ.’ ಮೂರನೆಯದೊಂದು ಇರಬಹುದೆಂದು ಯಾವ ಊಟದ ಪಂಕ್ತಿಯೂ ಇನ್ನೂ ಒಪ್ಪಿಲ್ಲ.

ಐತಿಹಾಸಿಕ ಹಿನ್ನೆಲೆ

ಕದಂಬರಿಂದ ಆರಂಭವಾಗದ ಪ್ರಬಂಧ ನಮ್ಮಲ್ಲಿ ಅಂಗೀಕಾರವಾಗುವುದಿಲ್ಲ. ಆದರೆ ಕದಂಬರು ಈ ಬಗ್ಗೆ ಏನೂ ಮಾಡದೆ ಹೋದದ್ದರಿಂದ ನೇರ 1985ಕ್ಕೆ ಬರಬೇಕಾಗಿದೆ. ಆ ವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಅದರ ಉಪಗ್ರಹ ಸಂಪರ್ಕದ ಉಪಕರಣ ಎತ್ತಿನ ಗಾಡಿಯಲ್ಲಿ ಕಚೇರಿ ತಲುಪಿದ ಕತೆಯನ್ನು ಈ ಊರಿನ ಐಟಿಯವರು ಇವತ್ತಿಗೂ ಖುಷಿಯಿಂದ ಹೇಳುತ್ತಾರೆ. ಸಂಶೋಧಕಿ ಓದಿದ ಯಾವ ಬರಹದಲ್ಲೂ ಗಾಡಿ ಹೊಡೆದವನ ಹೆಸರಿಲ್ಲ. ಕಂಪನಿಯ ಹೆಸರಿದೆ, ಇಸವಿಯಿದೆ, ಎತ್ತುಗಳೂ ಇವೆ.

ಸೈದ್ಧಾಂತಿಕ ಚೌಕಟ್ಟು

ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1984ರಲ್ಲಿ ಪ್ರಕಟಿಸಿದ ಓಎಸ್‌ಐ ಮಾದರಿಯ ಪ್ರಕಾರ ಜಾಲಕ್ಕೆ ಏಳು ಪದರಗಳು. ಗಂಡನಿಗೂ ಏಳೇ ಎಂಬುದು ಪ್ರಸ್ತುತ ಅಧ್ಯಯನದ ಪ್ರಾಕ್ಕಲ್ಪನೆ.

ಮೊದಲನೆಯದು ಭೌತಿಕ ಪದರ. ಸದರಿಯವರ ಕ್ರಿಂಪಿಂಗ್ ಟೂಲ್ ಅಡುಗೆಮನೆಯ ಡ್ರಾಯರಿನಲ್ಲಿ ಚಕ್ಕುಲಿ ಒರಳಿನ ಪಕ್ಕ ವಾಸಿಸುತ್ತದೆ. ಎಸ್‌ಪಿ ರಸ್ತೆಯಿಂದ ತಂದ ಕ್ಯಾಟ್-6 ಕೇಬಲ್ಲಿನ ಪೆಟ್ಟಿಗೆ ಮಂಚದ ಕೆಳಗೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂದು ಎಂಟು ತಂತಿಗಳನ್ನು ನಿದ್ದೆಗಣ್ಣಲ್ಲೂ ಕ್ರಮ ತಪ್ಪದೆ ಜೋಡಿಸುವ ಇದೇ ಕಣ್ಣು ನನ್ನ ರಾಮಾ ಗ್ರೀನ್ ಸೀರೆಯನ್ನು ‘ಆ ನೀಲಿ ಸೀರೆ’ ಎನ್ನುತ್ತದೆ. ವರ್ಣಗ್ರಹಣದ ಈ ಸಂದರ್ಭಸಾಪೇಕ್ಷತೆಯ ಕುರಿತು ಹೆಚ್ಚಿನ ಸಂಶೋಧನೆ ಅಗತ್ಯ. ಅಂದಹಾಗೆ ತಾಮ್ರದ ಕೇಬಲ್ ಒಂದೇ ಎಳೆಯಲ್ಲಿ 100 ಮೀಟರ್ ದಾಟಬಾರದಂತೆ. ಪೆಟ್ಟಿಗೆಯಲ್ಲಿರುವುದು 305 ಮೀಟರ್. ನಮ್ಮದು ಎರಡು ಕೋಣೆಯ ಮನೆ.

ಎರಡನೆಯ ಪದರದಲ್ಲಿ ಮುಖ್ಯ ಸಮಸ್ಯೆ ಲೂಪ್. ಕಂಪ್ಯೂಟರುಗಳನ್ನು ಬೆಸೆಯುವ ಸ್ವಿಚ್ಚುಗಳನ್ನು ಸುತ್ತಿ ಬಳಸಿ ಜೋಡಿಸಿದಾಗ ಒಂದೇ ಸಂದೇಶ ಕೊನೆಯಿಲ್ಲದೆ ಸುತ್ತುತ್ತ ಇಡೀ ಜಾಲವನ್ನು ಮುಳುಗಿಸಿಬಿಡುತ್ತದೆ. ರೇಡಿಯಾ ಪರ್ಲ್‌ಮನ್ ಎಂಬಾಕೆ 1985ರಲ್ಲಿ ಇದಕ್ಕೆ ಸ್ಪ್ಯಾನಿಂಗ್ ಟ್ರೀ ಎಂಬ ಪರಿಹಾರ ಕೊಟ್ಟರು: ಸುತ್ತು ಬರುವ ದಾರಿಯಲ್ಲಿ ಒಂದು ಪೋರ್ಟನ್ನು ಮುಚ್ಚಿಬಿಡುವುದು. ಅತ್ತೆಯವರು ಸೊಸೆಯ ಬಗ್ಗೆಯೂ ಸೊಸೆ ಅತ್ತೆಯವರ ಬಗ್ಗೆಯೂ ಹೇಳುವ ಸಂದೇಶಗಳು ಸುತ್ತತೊಡಗಿದಾಗ ಸದರಿಯವರು ಒಂದು ಕಿವಿಯನ್ನು ಬ್ಲಾಕಿಂಗ್ ಸ್ಥಿತಿಗೆ ತರುತ್ತಾರೆ. ಅದು ಮತ್ತೆ ತೆರೆಯಬೇಕಾದರೆ ಮೂಲ ನಿಯಮದಂತೆ ಆಲಿಸುವುದಕ್ಕೆ 15 ಸೆಕೆಂಡು, ಕಲಿಯುವುದಕ್ಕೆ 15 ಸೆಕೆಂಡು ಬೇಕು. ‘ರೀ, ಹಾಲು ಉಕ್ತಿದೆ’ ಎಂಬ ಕ್ಷೇತ್ರಪ್ರಯೋಗದಲ್ಲಿ ಈ ಅಂಕಿ ದೃಢಪಟ್ಟಿದೆ.

ಮೂರನೆಯದು ದಾರಿ ಹುಡುಕುವ ಪದರ. ಖಂಡಾಂತರಕ್ಕೆ ದಾರಿ ತೋರಿಸುವ ಸದರಿಯವರು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಲ್ಲರಂತೆ ಸಿಕ್ಕಿಹಾಕಿಕೊಳ್ಳುತ್ತಾರೆ ಎಂಬಲ್ಲಿಗೆ ಇದನ್ನು ಬಿಡಬಹುದು.

ನಾಲ್ಕನೆಯದು ಸಾಗಣೆ. ಇಲ್ಲಿ ಟಿಸಿಪಿ ಎಂಬ ವಿಧಾನ ಶುರುವಾಗುವುದೇ ಮೂರು ಹೆಜ್ಜೆಯ ಕೈಕುಲುಕಿನಿಂದ: ‘ಬರಲಾ?’, ‘ಬಾ, ಕೇಳಿಸ್ತು’, ‘ಸರಿ, ಬಂದೆ.’ ‘ಊಟಕ್ಕೆ ಬನ್ನಿ’ ಎಂಬ ನನ್ನ ಕರೆಗೆ ‘ಬಂದೆ’ ಎಂಬ ಉತ್ತರ ಕೂಡಲೇ ಬರುತ್ತದೆ, ಸದರಿಯವರು ಬರುವುದಿಲ್ಲ. ಯುಡಿಪಿ ಎಂಬ ಇನ್ನೊಂದು ವಿಧಾನದಲ್ಲಿ ಈ ಕಾಟವಿಲ್ಲ, ಕಳಿಸಿದ್ದು ತಲುಪಿತೇ ಎಂದು ಯಾರೂ ಕೇಳುವುದಿಲ್ಲ. ಅತ್ತೆಯವರ ಫೋನ್ ಕರೆಗಳು ಈ ವರ್ಗಕ್ಕೆ ಸೇರುತ್ತವೆ.

ಐದು ಮತ್ತು ಆರನೆಯ ಪದರಗಳು ಏನು ಮಾಡುತ್ತವೆ ಎಂದು ಸದರಿಯವರನ್ನು ಕೇಳಲಾಯಿತು. ‘ಇಂಟರ್‌ವ್ಯೂನಲ್ಲಿ ಕೇಳ್ತಾರೆ’ ಎಂದರು. ಕೆಲಸದಲ್ಲಿ? ‘ಅಲ್ಲಿ ಯಾರೂ ಕೇಳಲ್ಲ.’ ಆದ್ದರಿಂದ ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ. ಏಳೂ ಅಧ್ಯಾಯ ಒಂದೇ ಉದ್ದ ಇರಬೇಕು ಎನ್ನುತ್ತಿದ್ದ ಮಾರ್ಗದರ್ಶಕರು ನಿವೃತ್ತರಾಗಿದ್ದಾರೆ.

ಹವ್ಯಾಸಗಳ ಸಾಂಸ್ಕೃತಿಕ ಕಥನ

ಯಾವುದೋ ಕಚೇರಿ ಗುಜರಿಗೆ ಹಾಕಿದ ಸ್ವಿಚ್ಚೊಂದನ್ನು ಸದರಿಯವರು ಎಸ್‌ಪಿ ರಸ್ತೆಯಿಂದ ತಂದು, ಯುಪಿಎಸ್ ಪಾಯಿಂಟ್ ಇರುವುದು ಅಲ್ಲೇ ಎಂದು ದೇವರ ಗೂಡಿನ ಕೆಳಗೆ ಸ್ಥಾಪಿಸಿದ್ದಾರೆ. ಅದರ ಫ್ಯಾನಿನ ಸದ್ದಿಗೆ ಮಂಗಳಾರತಿಯ ಗಂಟೆ ಕೇಳಿಸುವುದಿಲ್ಲ. ಅದು ಮಾಡುವ ಕೆಲಸವನ್ನು ಅಂಗೈಯಗಲದ ಪೆಟ್ಟಿಗೆಯೂ ಮಾಡುತ್ತದೆ ಎಂದು ಅವರೇ ಒಪ್ಪಿದ್ದಾರೆ.

ಪಾರಿವಾಳದ ವಿಷಯ ಇನ್ನೂ ಗಂಭೀರ. ಬಾಲ್ಕನಿಗೆ ಬಲೆ ಹಾಕಿಸೋಣವೆಂದರೆ ಸದರಿಯವರು ಒಪ್ಪುವುದಿಲ್ಲ. ಕಾರಣ, 1990ರ ಏಪ್ರಿಲ್ 1ರಂದು ಪ್ರಕಟವಾದ ಆರ್‌ಎಫ್‌ಸಿ 1149 ಎಂಬ ದಾಖಲೆ, ಹಕ್ಕಿಗಳ ಮೂಲಕ ಅಂತರಜಾಲದ ಪ್ಯಾಕೆಟ್ ಸಾಗಿಸುವ ವಿಧಾನವನ್ನು ಪೂರ್ಣ ಗಾಂಭೀರ್ಯದಿಂದ ವಿವರಿಸುತ್ತದೆ. 2001ರಲ್ಲಿ ನಾರ್ವೆಯ ಬರ್ಗನ್‌ನಲ್ಲಿ ಕೆಲವು ಲಿನಕ್ಸ್ ಪ್ರಿಯರು ಅದನ್ನು ನಿಜವಾಗಿ ಮಾಡಿಯೂ ನೋಡಿದರು: ಒಂಬತ್ತು ಪ್ಯಾಕೆಟ್ ಕಳಿಸಿದರೆ ನಾಲ್ಕಕ್ಕೆ ಉತ್ತರ ಬಂತು. ‘ಮಳೆಗಾಲದಲ್ಲಿ ನಮ್ಮ ಲಿಂಕಿಗಿಂತ ವಾಸಿ’ ಎಂಬುದು ಸದರಿಯವರ ನಿಲುವು. ಬಾಲ್ಕನಿ ತೊಳೆಯುವವರ ನಿಲುವನ್ನು ಆ ದಾಖಲೆ ಪರಿಗಣಿಸಿಲ್ಲ.

ಕಾಲದ ಪರಿಕಲ್ಪನೆ

ಇವರ ಒಪ್ಪಂದಗಳಲ್ಲಿ ‘ಐದು ಒಂಬತ್ತು’ ಎಂಬ ಮಾತು ಬರುತ್ತದೆ. ಜಾಲ ಶೇಕಡಾ 99.999ರಷ್ಟು ಕಾಲ ನಡೆಯುತ್ತಿರಬೇಕು, ಅಂದರೆ ವರ್ಷಕ್ಕೆ ಐದೂಕಾಲು ನಿಮಿಷ ಮಾತ್ರ ನಿಲ್ಲಬಹುದು. ಈ ಲೆಕ್ಕ ಉಳಿಯಲೆಂದು ನನ್ನ ತಮ್ಮನ ಧಾರೆಯ ಹೊತ್ತಿನಲ್ಲಿ ಇವರು ಒಂದು ಕೈಯಲ್ಲಿ ಅಕ್ಷತೆ, ಇನ್ನೊಂದರಲ್ಲಿ ಫೋನ್ ಹಿಡಿದು ನಿಂತಿದ್ದರು. ಬದಲಾವಣೆಗಳೆಲ್ಲ ಬೆಳಗಿನ ಜಾವದಲ್ಲಿ, ಅಮೆರಿಕದವರ ಕೆಲಸ ಮುಗಿದಿರಬೇಕು, ನಮ್ಮವರದು ಶುರುವಾಗಿರಬಾರದು. ಇಲ್ಲಿ ನಿದ್ದೆಯ ಆಯಾಮಗಳನ್ನು ಚರ್ಚಿಸಬೇಕಿತ್ತು. ಬೇಡ.

ಎಂಟನೆಯ ಪದರ

ಏಳರ ಮೇಲೆ ಎಂಟನೆಯ ಪದರವೊಂದಿದೆ, ಅದು ಕೀಬೋರ್ಡಿನ ಮುಂದೆ ಕೂತ ಮನುಷ್ಯ ಎಂದು ಈ ಕಸುಬಿನವರು ತಮಾಷೆ ಮಾಡುತ್ತಾರೆ. ನನಗೆ ಈಚೆಗೆ ಅದು ನಗು ತರುತ್ತಿಲ್ಲ.

ಇವರ ಕಚೇರಿಗೆ ಎರಡು ಫೈಬರ್ ಲಿಂಕುಗಳು. ಕಾಗದದಲ್ಲಿ ಎರಡಕ್ಕೂ ಬೇರೆ ಬೇರೆ ದಾರಿ, ನೆಲದಡಿಯಲ್ಲಿ ಒಂದೇ ಡಕ್ಟ್. ಇವರು ಅದನ್ನು ಪತ್ತೆಮಾಡಿ ಮೇಲಿನವರಿಗೆ ಮೇಲ್ ಬರೆದಿದ್ದರು. ಈ ಸಲ ಬಜೆಟ್ ಇಲ್ಲ ಎಂದರು. ಒಂದು ರಾತ್ರಿ ಜೆಸಿಬಿ ರಸ್ತೆ ಅಗೆಯಿತು, ಎರಡೂ ಕಡಿದುಹೋದವು. ಪಾಳಿಯಲ್ಲಿದ್ದವನು ಸಿಂಧನೂರಿನ ಕಡೆಯ ಹುಡುಗ, ಏಜೆನ್ಸಿಯ ಗುತ್ತಿಗೆ ನೌಕರ. ಬ್ರಿಡ್ಜ್ ಕಾಲ್ ಎಂಬ ಸಾಮೂಹಿಕ ಫೋನ್ ಕರೆಯಲ್ಲಿ ದೊಡ್ಡವರೆಲ್ಲ ಒಟ್ಟಿಗೆ ‘ಏನಾದ್ರೂ ಮಾಡು, ಬೇಗ ಮಾಡು’ ಎನ್ನುತ್ತಿದ್ದರು. ಉಳಿದಿದ್ದ ಒಂದು ಸಣ್ಣ ಲಿಂಕಿಗೆ ಎಲ್ಲವನ್ನೂ ತಿರುಗಿಸಹೋಗಿ ಅವನು ಒಂದು ಸಾಲು ತಪ್ಪು ಒತ್ತಿದ. ನಡೆಯುತ್ತಿದ್ದ ಶಾಖೆಗಳೂ ನಿಂತವು.

ಸೋಮವಾರ ಆರ್‌ಸಿಎ ಎಂಬ ಮೂಲಕಾರಣ ವರದಿ ಮನೆಗೆ ಬಂತು. ‘ನೀನು ಪಿಎಚ್‌ಡಿ ಅಲ್ವಾ, ಸ್ವಲ್ಪ ಓದಿ ನೋಡು’ ಎಂದರು. ಭಾಷೆ ಇಂಗ್ಲಿಷ್, ವ್ಯಾಕರಣ ನನ್ನ ಮಾರ್ಗದರ್ಶಕರದು. ಅನುಮೋದನೆಯನ್ನು ‘ಮುಂದೂಡಲಾಗಿತ್ತು’. ಯಾರು ಮುಂದೂಡಿದ್ದು? ಮಾರ್ಗಭಿನ್ನತೆ ‘ಸಾಧಿತವಾಗಿರಲಿಲ್ಲ’. ಯಾರು ಸಾಧಿಸಲಿಲ್ಲ? ಪುಟಗಟ್ಟಲೆ ಕೆಲಸಗಳು ತಾವಾಗಿಯೇ ಆಗುತ್ತ, ಆಗದೆ ಉಳಿಯುತ್ತ ಹೋಗಿದ್ದವು. ಹುಡುಗನ ಸಾಲಿಗೆ ಬಂದಾಗ ಮಾತ್ರ ವಾಕ್ಯಕ್ಕೆ ಕರ್ತೃ ಸಿಕ್ಕಿದ್ದ: ಲಾಗಿನ್ ಹೆಸರು, ಒತ್ತಿದ ಕಮಾಂಡ್, ಗಂಟೆ, ನಿಮಿಷ, ಸೆಕೆಂಡು. ‘ಯಾಕೆ’ ಎಂದು ಐದು ಸಲ ಕೇಳಬೇಕೆಂಬುದು ಈ ವರದಿಗಳ ಪದ್ಧತಿ. ಐದನೆಯದಕ್ಕೆ ಉತ್ತರ: ‘ಮಾನವ ದೋಷ’. ಆರನೆಯ ಸಲ ಕೇಳಿದರೆ ಸಹಿ ಹಾಕುವ ಕುರ್ಚಿಯ ಬುಡಕ್ಕೆ ಬರಬೇಕಾಗುತ್ತದೆ. ಅದಕ್ಕೇ ಐದಕ್ಕೆ ನಿಲ್ಲಿಸುತ್ತಾರೆ.

ಬೇರೆ ಥರ ಬರೆಯಲಿಕ್ಕೆ ಬರುವುದೇ ಇಲ್ಲ ಎಂದೇನಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಜಗತ್ತಿನಿಂದಲೇ ಕಾಣೆಯಾದಾಗಲೂ ಕಾರಣ ನಿರ್ವಹಣೆಯ ವೇಳೆ ಕೊಟ್ಟ ಒಂದು ಕಮಾಂಡ್. ಆ ಕಂಪನಿಯ ವಿವರಣೆಯಲ್ಲಿ ಅದನ್ನು ಕೊಟ್ಟವರ ಹೆಸರಿರಲಿಲ್ಲ. ಅಂಥ ತಪ್ಪನ್ನು ತಡೆಯಬೇಕಿದ್ದ ತಪಾಸಣೆಯ ಸಾಧನದಲ್ಲೇ ದೋಷವಿತ್ತು ಎಂದು ಬರೆದಿದ್ದರು. ಅಷ್ಟು ದೊಡ್ಡವರಿಗೆ ಹೊಳೆದದ್ದು ಇಲ್ಲಿಯವರಿಗೆ ಹೊಳೆಯಲಿಲ್ಲ.

ಹುಡುಗನ ಗುತ್ತಿಗೆಯನ್ನು ‘ನವೀಕರಿಸಲಾಗಲಿಲ್ಲ’. ಊರಿಗೆ ಹೊರಡುವ ಮುಂಚೆ ಮನೆಗೆ ಬಂದಿದ್ದ. ‘ಅಕ್ಕಾ, ಸರ್ ಮೇಲ್ ಬರ್ದಿದ್ದು ಅವ್ರಿಗೆ ಗೊತ್ತಿತ್ತಲ್ರಿ’ ಎಂದ, ಅತ್ತ. ಅತ್ತ ಎಂದೇ ಬರೆದಿದ್ದೇನೆ, ಕೆಂಪು ಶಾಯಿ ಇದ್ದವರು ಹೊಡೆದುಕೊಳ್ಳಲಿ.

ಇವರೂ ಆ ವರದಿಗೆ ಸಹಿ ಹಾಕಿದರು. ಬಾಡಿಗೆ ಕಟ್ಟಬೇಕಲ್ಲ. ಆ ವಾರ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ, ಮುಚ್ಚಿದ ಪೋರ್ಟು ಆಗ ನನ್ನದು.

ವರದಿಯ ಕೊನೆಯಲ್ಲಿ ‘ಮರುಕಳಿಸದಂತೆ ಕೈಗೊಂಡ ಕ್ರಮ’ ಎಂಬ ಕಲಮಿತ್ತು. ಸಿಬ್ಬಂದಿಗೆ ತರಬೇತಿ ಎಂದು ತುಂಬಿಸಿದರು. ತರಬೇತಿಯೂ ನಡೆಯಿತು, ಮೂಲಕಾರಣ ವರದಿ ಬರೆಯುವುದು ಹೇಗೆ ಎಂಬ ಬಗ್ಗೆ. ಪ್ರಮಾಣಪತ್ರ ಕೊಟ್ಟಿದ್ದಾರೆ. ಎರಡನೆಯ ಫೈಬರ್ ಈಗಲೂ ಅದೇ ಡಕ್ಟಿನಲ್ಲಿದೆ, ಆ ರಸ್ತೆಯಲ್ಲಿ ಮುಂದಿನ ತಿಂಗಳು ಒಳಚರಂಡಿ ಪೈಪ್ ಹಾಕುತ್ತಾರಂತೆ.