ಬೇಡ ಎಂದವರ ಪಾಲಿನ ನಾಯಿ

ಮನೆಗೆ ನಾಯಿ ಬರುವುದು ಎರಡೇ ದಾರಿಯಲ್ಲಿ. ಒಂದೋ ಅದು ತಾನಾಗಿ ಬಂದು ಮೆಟ್ಟಿಲ ಮೇಲೆ ಮುದುರಿ ಮಲಗುತ್ತದೆ, ಇಲ್ಲವೇ ಮಕ್ಕಳು ಹಟ ಹಿಡಿದು ತರಿಸುತ್ತಾರೆ. ಮೊದಲನೆಯದಕ್ಕೆ ಬೀದಿನಾಯಿ ಎಂದೂ ಎರಡನೆಯದಕ್ಕೆ ಜಾತಿನಾಯಿ ಎಂದೂ ಹೆಸರು. ಯಾವ ದಾರಿಯಲ್ಲೇ ಬರಲಿ, ಅದು ಹೊಸ್ತಿಲ ಹತ್ತಿರ ನಿಂತಾಗ ಮನೆಯೊಳಗೆ ಒಬ್ಬರಾದರೂ "ಇದೊಂದು ಬೇಡ" ಎಂದಿರುತ್ತಾರೆ. ಮುಂದಿನ ಹತ್ತು-ಹನ್ನೆರಡು ವರ್ಷ ಆ ನಾಯಿಯ ಊಟ, ಸ್ನಾನ, ಸೂಜಿ, ವಾಕಿಂಗು, ವಾಂತಿ ಇಷ್ಟೂ ಯಾರ ತಲೆಗೆ ಬರುತ್ತವೆ ಎಂದು ತಿಳಿಯಲು ಜಾತಕ ನೋಡಬೇಕಿಲ್ಲ. ಅಂದು ಬೇಡ ಎಂದವರು ಯಾರು ಎಂದು ಕೇಳಿದರೆ ಸಾಕು.

ಸಾಮಾನ್ಯವಾಗಿ ಅದು ಅಜ್ಜಿ. ಅಜ್ಜಿಯಿಲ್ಲದ ಮನೆಯಲ್ಲಿ ಅಮ್ಮ. ಅವರ ಆಕ್ಷೇಪಗಳೆಲ್ಲ ನ್ಯಾಯವಾದವೇ. ಕೂದಲು ಉದುರುತ್ತದೆ, ಮಡಿ ಕೆಡುತ್ತದೆ, ದೇವರ ಮನೆಗೆ ನುಗ್ಗುತ್ತದೆ, ಊರಿಗೆ ಹೋಗುವಾಗ ಇದನ್ನು ಯಾರ ಕೊರಳಿಗೆ ಕಟ್ಟುವುದು? ತರುವವರು ಎಲ್ಲಕ್ಕೂ "ನಾವು ನೋಡ್ಕೋತೀವಿ" ಎಂದು ಮಾತು ಕೊಡುತ್ತಾರೆ. ಈ ಮಾತಿನ ಆಯುಸ್ಸು ಸುಮಾರು ಮೂರು ವಾರ. ಶಾಲೆಯ ಪರೀಕ್ಷೆ ಹತ್ತಿರವಿದ್ದರೆ ಇನ್ನೂ ಕಡಿಮೆ.

ಒಪ್ಪಿಗೆ ಒಮ್ಮೆಲೇ ಸಿಗುವುದಿಲ್ಲ, ಅಂಗುಲ ಅಂಗುಲವಾಗಿ ಸಿಗುತ್ತದೆ. ಮೈಸೂರು ಕಡೆಯ ಒಂದು ಮನೆಯಲ್ಲಿ ಅಜ್ಜಿ ಅಡುಗೆಮನೆಯ ಬಾಗಿಲಿನಿಂದ ಎರಡು ಮಾರು ಈಚೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ನಾಯಿ ಅದನ್ನು ದಾಟುವಂತಿಲ್ಲ. ಮರಿ ದಾಟಲೂ ಇಲ್ಲ. ಗೆರೆಯ ಮೇಲೆ ಗದ್ದ ಊರಿ ಮಲಗಿ, ಒಗ್ಗರಣೆ ಚಟಪಟ ಎಂದಾಗಲೆಲ್ಲ ಮೂಗಿನ ತುದಿಯನ್ನಷ್ಟೇ ಆಚೆಗೆ ಚಾಚುತ್ತಿತ್ತು. ಮೂಗು ದಾಟಿದರೆ ನಾಯಿ ದಾಟಿದಂತೆಯೇ ಎಂಬ ಪ್ರಶ್ನೆ ಇತ್ಯರ್ಥವಾಗುವ ಮೊದಲೇ ಮುಂಗಾಲು ಎರಡೂ ಆಚೆ ಬಂದವು. ನೆಲ ಒರೆಸಿದಾಗ ಅಳಿಸಿಹೋದ ಗೆರೆಯನ್ನು ಅಜ್ಜಿ ಮತ್ತೆ ಎಳೆದರು, ಈ ಸಲ ಒಂದು ಗೇಣು ಒಳಗೆ. ಆರು ತಿಂಗಳಿಗೆ ಗೆರೆ ಒಲೆಯ ಕಟ್ಟೆಗೆ ತಾಗಿತು. ನಾಯಿ ಅಜ್ಜಿಯದೇ ಹಳೆಯ ನೂಲಿನ ಸೀರೆಯನ್ನು ನಾಲ್ಕು ಮಡಿಕೆ ಹಾಕಿದ ಹಾಸಿಗೆಯ ಮೇಲೆ ಮಲಗಿತ್ತು, ಆ ಸೀರೆಯನ್ನು ಅಲ್ಲಿ ಹಾಸಿದವರು ಯಾರು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಹೆಸರಿಡುವ ಹಕ್ಕು ಮಾತ್ರ ತಂದವರದು. ಹಳ್ಳಿಯಲ್ಲಿ ಮೈಬಣ್ಣ ನೋಡಿ ಕರಿಯ, ಕೆಂಚ ಎನ್ನುವುದಿತ್ತು. ಸ್ವಲ್ಪ ಓದಿಕೊಂಡ ಮನೆಯಾದರೆ ಟಾಮಿ, ಟೈಗರ್. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ತಮ್ಮ ನಾಯಿಯನ್ನು ಕಿವಿ ಎಂದು ಕರೆದು, 1980ರ 'ಕರ್ವಾಲೊ'ದ ಒಳಗೂ ಓಡಾಡಲು ಬಿಟ್ಟರು; ಕನ್ನಡ ಓದುಗರು ಮುಖ ನೋಡದೆಯೂ ಗುರುತು ಹಿಡಿಯುವ ನಾಯಿ ಅದೊಂದೇ ಇರಬೇಕು. ಈಗಿನವು ಬ್ರೂನೋ, ಲಿಯೋ, ಕೋಕೋ, ಸಿಂಬಾ. ಅಜ್ಜಿಯ ಬಾಯಲ್ಲಿ ಬ್ರೂನೋ ಮೂರೇ ದಿನಕ್ಕೆ ಬೂರಣ್ಣನಾಗುತ್ತಾನೆ.

ಜಾತಿನಾಯಿಗಳ ಶಿಕ್ಷಣ ಮಾಧ್ಯಮ ಎಲ್ಲೆಡೆಯೂ ಇಂಗ್ಲಿಷು. ಹಸುವನ್ನು "ಬಾರೇ ಗೌರಿ" ಎಂದೂ ಬೆಕ್ಕನ್ನು "ಬಾ ಪುಟ್ಟಿ" ಎಂದೂ ಕರೆದ ಅದೇ ಬಾಯಿ ನಾಯಿಯತ್ತ ತಿರುಗಿದ ಕೂಡಲೇ ಕಮ್, ಸಿಟ್, ನೋ ಎನ್ನುತ್ತದೆ. ಒಂದನೇ ತರಗತಿಯ ಮಾಧ್ಯಮದ ಬಗ್ಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ನಾಡಿನಲ್ಲಿ ಈ ವಿಷಯ ಹೇಗೋ ಯಾರ ಕಣ್ಣಿಗೂ ಬಿದ್ದಿಲ್ಲ. ನಾಯಿಗೆ ಭಾಷೆಗಿಂತ ದನಿಯ ಏರಿಳಿತ, ಕೈಸನ್ನೆ, ಪದೇ ಪದೇ ಕೇಳಿದ ಶಬ್ದ ಮುಖ್ಯ. ಸಿಟ್ ಎಂದರೂ ಕೂತ್ಕೋ ಎಂದರೂ ಅಭ್ಯಾಸವಾದದ್ದಕ್ಕೆ ಕೂರುತ್ತದೆ. ಹೀಗಾಗಿ ವರ್ಷದೊಳಗೆ ದ್ವಿಭಾಷಾ ಸೂತ್ರ ಜಾರಿಗೆ ಬರುತ್ತದೆ: ಬಿಸ್ಕತ್ತು ಹಿಡಿದವರೊಡನೆ ಇಂಗ್ಲಿಷು, ತಟ್ಟೆ ಹಿಡಿದವರೊಡನೆ ಕನ್ನಡ. ಐದು ಸಲ 'ಕಮ್' ಎಂದರೂ ಮಹಡಿಯಿಂದ ಇಳಿಯದ ನಾಯಿ "ಬೂರಣ್ಣಾ, ಅನ್ನ" ಎಂಬ ಎರಡು ಪದಕ್ಕೆ ಮೂರು ಮೂರು ಮೆಟ್ಟಿಲು ಹಾರಿಕೊಂಡು ಬರುತ್ತದೆ.

ಆಹಾರದ ವಿಷಯ ಸ್ವಲ್ಪ ವಿವರವಾಗಿ ನೋಡಬೇಕಾದದ್ದು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕುತ್ತು. ಚಾಕಲೇಟಿನಲ್ಲಿರುವ ಥಿಯೋಬ್ರೋಮಿನ್ ಅದರ ಮೈಯಲ್ಲಿ ಬೇಗ ಕರಗದೆ ಗುಂಡಿಗೆಗೆ ಏರುತ್ತದೆ. ಅಂದರೆ ಈರುಳ್ಳಿ ಹುಳಿ ಬೇಡ, ಹಬ್ಬದ ಪಾಯಸ ಬೇಡ, ಹುಟ್ಟುಹಬ್ಬದ ಕೇಕೂ ಬೇಡ. ಚಾತುರ್ಮಾಸ್ಯ ಹಿಡಿದವರ ಮನೆಯಲ್ಲಿ ನಾಯಿಗೆ ಬೇರೆ ಅಡುಗೆಯ ತಾಪತ್ರಯ ಕಡಿಮೆ ಎಂಬುದು ಪಶುವೈದ್ಯ ಪುಸ್ತಕಗಳಲ್ಲಿ ಬರೆಯದೆ ಉಳಿದ ಸಂಗತಿ. ಮೊಟ್ಟೆ, ಮಾಂಸ ಮುಟ್ಟದ ಮನೆಯವರು ಅಂಗಡಿಯ ಚೀಲದ ಆಹಾರಕ್ಕೆ ಮೊರೆಹೋಗುತ್ತಾರೆ. ಆ ಚೀಲದಲ್ಲಿ ಕೋಳಿ ಇದೆಯೆಂದು ಎಲ್ಲರಿಗೂ ಗೊತ್ತು. ಚೀಲದ ಮೇಲೆ ಇಂಗ್ಲಿಷಿನಲ್ಲಿ ಬರೆದಿರುವುದರಿಂದ ಅಜ್ಜಿಗೆ ಗೊತ್ತಿಲ್ಲ ಎಂದು ಉಳಿದವರು ತಿಳಿದಿರುತ್ತಾರೆ. ಅಜ್ಜಿಗೂ ಗೊತ್ತು. ಅದಕ್ಕೆಂದೇ ಒಂದು ಉದ್ದ ಹಿಡಿಯ ಸೌಟು ಬೇರೆ ಇಟ್ಟಿರುತ್ತಾರೆ.

ಲ್ಯಾಬ್ರಡಾರ್ ತಂದವರಿಗೆ ಇನ್ನೊಂದು ಕಷ್ಟ. ಸುಮಾರು ನಾಲ್ಕು ಲ್ಯಾಬ್ರಡಾರಿಗೆ ಒಂದರಲ್ಲಿ, ಹೊಟ್ಟೆ ತುಂಬಿತು ಎಂದು ಮಿದುಳಿಗೆ ಹೇಳುವ ಜೀನಿನ ಒಂದು ಚೂರು ಕಾಣೆಯಾಗಿರುತ್ತದೆ ಎಂದು ಕೇಂಬ್ರಿಜ್‌ನ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು. ಅದು ಉಂಡು ಎದ್ದ ಮೇಲೂ ಉಪವಾಸವಿದ್ದಂತೆಯೇ ನೋಡುತ್ತದೆ. ಈ ನೋಟದ ಎದುರು ಮನೆಯವರೆಲ್ಲ ಬೇರೆ ಬೇರೆಯಾಗಿ ಸೋಲುತ್ತಾರೆ. ಬೆಳಗಿನ ಇಡ್ಲಿಯಲ್ಲಿ ಅಪ್ಪನದೊಂದು ತುಂಡು, ಮಗಳದೊಂದು, ಹಾಲಿನವನದೊಂದು ಬಿಸ್ಕತ್ತು. ಯಾರಿಗೂ ಇನ್ನೊಬ್ಬರ ಲೆಕ್ಕ ಗೊತ್ತಿಲ್ಲ. ಒಟ್ಟು ಲೆಕ್ಕ ಹೊರಬೀಳುವುದು ಆಸ್ಪತ್ರೆಯ ತೂಕದ ಯಂತ್ರದ ಮೇಲೆ, ಬೈಗುಳ ತಿನ್ನುವವರು ಅಲ್ಲಿಗೆ ಕರೆದುಕೊಂಡು ಹೋದವರು.

ಸೂಜಿಯ ದಿನ ತಂದವರಿಗೆ ತಪ್ಪದೆ ಬೇರೆ ಕೆಲಸವಿರುತ್ತದೆ. ಹುಚ್ಚುನಾಯಿ ರೋಗದ ಮೊದಲ ಲಸಿಕೆ ಮರಿಗೆ ಮೂರು ತಿಂಗಳಾದಾಗ, ಆಮೇಲೆ ಪಶುವೈದ್ಯರು ಬರೆದುಕೊಟ್ಟ ತಾರೀಖಿನಂತೆ ಮರುಲಸಿಕೆ. ಪಾರ್ವೊ, ಡಿಸ್ಟೆಂಪರ್‌ಗಳದ್ದು ಅದಕ್ಕೂ ಮೊದಲು. ಆಟೋದಲ್ಲಿ ತೊಡೆಯ ಮೇಲೆ ಕೂತು ಬಂದ ಮೂವತ್ತು ಕಿಲೋ ನಾಯಿ ಸ್ಟೀಲಿನ ಮೇಜು ಕಂಡ ಕೂಡಲೇ ಮರಿಯಾಗಿಬಿಡುತ್ತದೆ. ಹಗಲೆಲ್ಲ ಬೀದಿಯನ್ನೇ ಬೆದರಿಸುವ ಬ್ರೂನೋ ಅಲ್ಲಿ ನಾಲ್ಕೂ ಕಾಲು ನಡುಗಿಸುತ್ತ, ಅಜ್ಜಿಯ ಸೆರಗಿನೊಳಗೆ ಮುಖ ತೂರಿಸಿ, ತನಗೆ ಡಾಕ್ಟರು ಕಾಣದಿದ್ದರೆ ಡಾಕ್ಟರಿಗೂ ತಾನು ಕಾಣುವುದಿಲ್ಲ ಎಂಬ ನಂಬಿಕೆಯಲ್ಲಿ ನಿಲ್ಲುತ್ತಾನೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಅಪವಾದವನ್ನು ಗಾದೆ ಬೆಕ್ಕಿನ ಮೇಲೊಂದೇ ಹೊರಿಸಿದ್ದು ಅಷ್ಟು ಸರಿಯಲ್ಲ.

ಲಸಿಕೆಯ ವಿಷಯದಲ್ಲಿ ನಗೆ ಇಲ್ಲಿಗೆ ನಿಲ್ಲಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಅದಕ್ಕೆ ಮೊದಲು ತಡೆಯುವುದು ಮಾತ್ರ ಸುಲಭ. ಕಚ್ಚಿದ ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಮೆತ್ತಬಾರದು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಭಯ ಈಗ ಬೇಡ, ಈಗಿನ ಲಸಿಕೆ ತೋಳಿಗೆ, ನಾಲ್ಕೈದು ಸಲ. ಆದರೂ ಹಿಂದಿನ ತಲೆಮಾರಿನವರು ನಾಯಿಯ ಹಲ್ಲು ಕಂಡರೆ ಈಗಲೂ ಹೊಟ್ಟೆಯನ್ನೇ ಮುಟ್ಟಿ ನೋಡಿಕೊಳ್ಳುತ್ತಾರೆ.

ತಳಿಯ ಆಯ್ಕೆ ನಡೆಯುವುದು ಸಿನಿಮಾ ನೋಡಿ, ಇಲ್ಲವೇ ಎದುರುಮನೆ ನೋಡಿ. ಬಾಗಲಕೋಟೆ ಜಿಲ್ಲೆಯ ಮುಧೋಳದ್ದು ನಮ್ಮ ಬಿಸಿಲಿಗೆ ಒಗ್ಗಿದ ತಳಿ. ಘೋರ್ಪಡೆ ಅರಸರು ಪೋಷಿಸಿದ್ದು, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದದ್ದು. ಮೊಲವನ್ನು ಅಟ್ಟಿಸಿಕೊಂಡು ಹೋಗಲೆಂದೇ ಉದ್ದ ಕಾಲು, ಸಣ್ಣ ಹೊಟ್ಟೆ ಪಡೆದ ಅದಕ್ಕೆ ಬಯಲು ಬೇಕು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕಟ್ಟಿದರೆ ಸೋಫಾವನ್ನೇ ಮೊಲ ಮಾಡಿಕೊಳ್ಳುತ್ತದೆ. ಹಸ್ಕಿಯದು ಇನ್ನೊಂದು ತುದಿ. ಸೈಬೀರಿಯಾದ ಹಿಮಕ್ಕೆಂದು ಎರಡು ಪದರ ತುಪ್ಪಳ ಹೊದ್ದು ಹುಟ್ಟಿದ ಜೀವವನ್ನು ಬಳ್ಳಾರಿಯ ಏಪ್ರಿಲ್‌ಗೆ ತಂದು ನಿಲ್ಲಿಸುವುದು ಪ್ರೀತಿಯಂತೂ ಅಲ್ಲ. ನಾಯಿ ಬೆವರುವುದು ಪಾದದಡಿಯಲ್ಲಿ, ಅದೂ ಅಷ್ಟಿಷ್ಟು. ಮೈ ತಣಿಸಿಕೊಳ್ಳುವುದೆಲ್ಲ ನಾಲಿಗೆ ಚಾಚಿ ಏದುಸಿರು ಬಿಡುವುದರಿಂದ. ಕೊನೆಗೆ ಅದಕ್ಕೆಂದೇ ಏಸಿ ಹಾಕಿಸುತ್ತಾರೆ. ನಲವತ್ತು ಬೇಸಿಗೆಯನ್ನು ಬೀಸಣಿಗೆಯಲ್ಲೇ ಕಳೆದ ಅಜ್ಜಿಗೆ ಏಸಿಯ ಗಾಳಿ ಸಿಗುವುದು ಹೀಗೆ, ನಾಯಿಯ ಪುಣ್ಯದಿಂದ.

ವಾಕಿಂಗ್ ಎಂಬ ಪದ ಕೇಳಿದರೆ ಯಾವ ನಾಯಿಯೂ ಎದ್ದು ನಿಲ್ಲುತ್ತದೆ, ಯಾವ ಹುಡುಗನೂ ಹೊದಿಕೆ ಎಳೆದುಕೊಳ್ಳುತ್ತಾನೆ. ಬೆಳಿಗ್ಗೆ ಐದೂವರೆಗೆ ನಾಯಿಯ ಹಗ್ಗ ಹಿಡಿದು ಹೊರಟವರನ್ನು ದೂರದಿಂದ ನೋಡಿದರೆ ಮುಂದೆ ನಾಯಿ, ಹಿಂದೆ ಓರೆಯಾಗಿ ಮನುಷ್ಯ. ಯಾರನ್ನು ಯಾರು ಕರೆದುಕೊಂಡು ಹೋಗುತ್ತಿದ್ದಾರೆಂಬುದು ಹಗ್ಗದ ಬಿಗಿಯಿಂದಲೇ ತಿಳಿಯುತ್ತದೆ. ಇಪ್ಪತ್ತು ವರ್ಷ ಒಂದೇ ಬಡಾವಣೆಯಲ್ಲಿದ್ದೂ ಹೆಸರಿಲ್ಲದೆ ಓಡಾಡಿದ ಬ್ಯಾಂಕ್ ನಿವೃತ್ತರು ಈಗ 'ಬ್ರೂನೋ ತಾತ' ಎಂದು ಪ್ರಸಿದ್ಧರಾಗುತ್ತಾರೆ. ಅಪಾರ್ಟ್‌ಮೆಂಟುಗಳಲ್ಲಿ ಈ ಪ್ರಸಿದ್ಧಿ ಸಂಘದ ಸಭೆಯವರೆಗೂ ಹೋಗುತ್ತದೆ. ಸಾಕುನಾಯಿಗಳನ್ನು ಸಂಘದವರು ನಿಷೇಧಿಸುವಂತಿಲ್ಲ, ಲಿಫ್ಟಿಗೆ ಬಾರದಂತೆ ತಡೆಯುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿತು. ನಾಯಿ ಮಾಡಿದ್ದನ್ನು ಯಜಮಾನರು ಬಳಿದೆತ್ತಬೇಕೆಂಬ ತಿಳಿವಳಿಕೆಯ ಮಾತೂ ಅದರಲ್ಲೇ ಇದೆ. ಮೊದಲ ಭಾಗವನ್ನು ಎಲ್ಲರೂ ಮೊಬೈಲಿನಲ್ಲಿ ಇಟ್ಟುಕೊಂಡಿರುತ್ತಾರೆ. ಎರಡನೆಯ ಭಾಗವನ್ನು ಹಳೆಯ ಪೇಪರು ಹಿಡಿದು ಪಾಲಿಸುವುದು ಮತ್ತೆ ಆ ಬೇಡ ಎಂದವರೇ.

ಬೆಕ್ಕಿನ ವಿಷಯದಲ್ಲಿ ಬೇಡ ಎನ್ನಲೂ ಅವಕಾಶವಿರುವುದಿಲ್ಲ, ಅದು ಯಾರನ್ನೂ ಕೇಳುವುದಿಲ್ಲ. ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತಿನಂತೆ ಕತ್ತು ಕಚ್ಚಿಕೊಂಡು ಬಂದು, ಇಸ್ತ್ರಿ ಮಾಡಿಟ್ಟ ಬಟ್ಟೆಯ ಬೀರುವನ್ನೇ ಆರಿಸಿಕೊಳ್ಳುತ್ತದೆ. ಅದಕ್ಕೆ ಸಿಹಿಯ ರುಚಿ ತಿಳಿಯುವುದಿಲ್ಲ. ಕೆನೆ ಕದಿಯುವುದು ಜಿಡ್ಡಿಗಾಗಿ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವೂ ಆಗದು, ಆದರೂ ಬಟ್ಟಲು ಹಾಲಿಡದ ಮನೆಯಿಲ್ಲ. ಬದಲಿಗೆ ಅದು ಅಜ್ಜಿಯ ಹಾಸಿಗೆಯ ಪಕ್ಕ ಬಾಲವಿಲ್ಲದ ಹಲ್ಲಿಯೊಂದನ್ನು ಕಾಣಿಕೆಯಾಗಿ ತಂದಿಡುತ್ತದೆ. ಋಣ ಇಟ್ಟುಕೊಳ್ಳುವ ಜಾತಿಯಲ್ಲ.

ಗಿಳಿಯದು ಕಾನೂನಿನ ಮಾತು. ಪಂಜರದಲ್ಲಿ "ಯಾರು ಬಂದ್ರು" ಎನ್ನುವ ನಮ್ಮ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅದೃಷ್ಟಕ್ಕೆಂದು ತೊಟ್ಟಿಯಲ್ಲಿಡುವ ನಕ್ಷತ್ರ ಆಮೆಯೂ ಅಷ್ಟೆ. ಪೇಟೆಯಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಹೊರನಾಡ ಹಕ್ಕಿಗಳ ಕತೆ ಬೇರೆ. 2024ರ ಮಾರ್ಚಿನಲ್ಲಿ ಅಂಥ ನಾಲ್ಕು ಹಕ್ಕಿಗಳ ಜೊತೆ ಬೆಂಗಳೂರಿನಿಂದ ಮೈಸೂರಿಗೆ ಸರ್ಕಾರಿ ಬಸ್ಸು ಹತ್ತಿದ ಅಜ್ಜಿ, ಮೊಮ್ಮಗಳಿಗೆ ಶಕ್ತಿ ಯೋಜನೆಯಲ್ಲಿ ಪ್ರಯಾಣ ಉಚಿತವಾಯಿತು. ಹಕ್ಕಿಗಳಿಗೆ ತಲಾ 111 ರೂಪಾಯಿಯಂತೆ ಮಕ್ಕಳ ಟಿಕೆಟ್ಟು, ಒಟ್ಟು 444 ರೂಪಾಯಿ. ರೆಕ್ಕೆಯಿದ್ದವರೇ ಹಣ ಕೊಟ್ಟು ಹೋದರು. ಟಿಕೆಟ್ಟಿನ ಚಿತ್ರ ನಾಡೆಲ್ಲ ಓಡಾಡಿತು.

ಮುಪ್ಪು ನಾಯಿಗೆ ಬೇಗ ಬರುತ್ತದೆ. ತರಿಸಿದ ಹುಡುಗ ಓದು ಮುಗಿಸಿ ಪುಣೆಗೋ ಡಬ್ಲಿನ್‌ಗೋ ಹೋಗಿರುತ್ತಾನೆ. ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ "ಬ್ರೂನೋ, ಕಮ್" ಎನ್ನುತ್ತಾನೆ. ನಾಯಿ ಫೋನಿನ ಹಿಂಬದಿಯನ್ನು ಮೂಸಿ, ವಾಸನೆಯಿಲ್ಲದ ಯಜಮಾನನನ್ನು ಬಿಟ್ಟು ಅಡುಗೆಮನೆಯತ್ತ ಹೋಗುತ್ತದೆ. ಹಿಂಗಾಲು ಸೋತು ಮೆಟ್ಟಿಲು ಹತ್ತಲಾರದು, ಕಣ್ಣಿಗೆ ಪೊರೆ. ಅನ್ನವನ್ನು ನುಣ್ಣಗೆ ಕಿವುಚಿ, ಮಾತ್ರೆಯನ್ನು ಬೆಲ್ಲವಿಲ್ಲದ ಉಂಡೆಯೊಳಗೆ ಅಡಗಿಸಿ, ಅದು ಮಾತ್ರೆಯನ್ನಷ್ಟೇ ಉಗಿದಾಗ ಮತ್ತೊಂದು ಉಂಡೆ ಕಟ್ಟುವವರ ಮಂಡಿಯೂ ಆ ಹೊತ್ತಿಗೆ ಸೋತಿರುತ್ತದೆ. ಅದು ತಿನ್ನುವವರೆಗೆ ಅವರ ತಟ್ಟೆ ಮುಚ್ಚಿಟ್ಟಂತೆಯೇ ಇರುತ್ತದೆ.

ಈ ಏರ್ಪಾಡಿಗೆ ಕನ್ನಡನಾಡಿನಲ್ಲಿ ಸಾವಿರ ವರ್ಷ ಹಳೆಯ ಆಧಾರವಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949-50ರ ಶಾಸನದ ಪ್ರಕಾರ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ಯೋಧನಿಗೆ ಅವನ ಒಡೆಯ ಮೆಚ್ಚಿ, ಬೇಕಾದುದನ್ನು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಭಾರಿ ಹಂದಿಯೊಂದರ ಜೊತೆ ಹೋರಾಡಿ, ಎರಡೂ ಸತ್ತವು. ಊರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿ, ಮೇಲೆ ನಾಯಿ-ಹಂದಿ ಸೆಣಸುವ ಚಿತ್ರ ಕೆತ್ತಿಸಿ, ಪೂಜೆಗೆಂದು ಜಮೀನು ಬಿಟ್ಟರು. ನಾಯಿಯನ್ನು ಬೇಡಿ ತಂದವನು ಮಣಲೇರ. ದಿನವೂ ಪೂಜೆ ಮಾಡುವ ಹೊಣೆ ಬಿದ್ದದ್ದು ಆ ಸ್ಥಾನ ನೋಡಿಕೊಳ್ಳುವ ಗೊರವನ, ಅಂದರೆ ಶೈವ ಅರ್ಚಕನ, ಮೇಲೆ. ಅವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಎಂದು ಶಾಸನದಲ್ಲಿ ಸ್ಪಷ್ಟವಾಗಿ ಬರೆದಿದೆ. ನಾಯಿ ಬೇಕೋ ಬೇಡವೋ ಎಂದು ಗೊರವನನ್ನು ಕೇಳಿದ ಉಲ್ಲೇಖವಿಲ್ಲ.

ಆ ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮುಂದೆ ಹಸಿದು ಕಾಯುವ ಗೊರವ ಯಾರೂ ಇಲ್ಲ. ಮಧ್ಯಾಹ್ನವಾದರೆ ಎಲ್ಲರೂ ಊಟಕ್ಕೆ ಹೋಗುತ್ತಾರೆ.