ಹಸಿರು ಹಣ್ಣಾಗುವ ಕಾಲ

ನ್ಯೂಜೆರ್ಸಿಯ ಎಡಿಸನ್ ಪಟ್ಟಣದ ಮನೆಯೊಂದರಲ್ಲಿ, ಮಧ್ಯಾಹ್ನದ ಕಾಫಿಯ ತರುವಾಯ, ಕಾಯುವ ವಿದ್ಯೆಯಲ್ಲಿ ಸಿದ್ಧಹಸ್ತರಾದ ಭಾವನವರಿಗೂ ಅವರ ಮೈದುನನಿಗೂ ನಡೆದ ಸಂಭಾಷಣೆಯಿದು.

ಮೈದುನ: ಗ್ರೀನ್ ಕಾರ್ಡು ದೊರೆತು ಐದು ಸಂವತ್ಸರಗಳು ತುಂಬುವುದಕ್ಕೆ 90 ದಿವಸ ಮೊದಲೇ ಪೌರತ್ವಕ್ಕೆ ಅರ್ಜಿ ಸಲ್ಲಿಸಬಹುದಂತಲ್ಲ, ಭಾವ?

ಭಾವ: ಸಲ್ಲಿಸಬಹುದಾಗಿತ್ತಯ್ಯ, 1998ರಲ್ಲಿ. ಆದರೆ ಶುಲ್ಕ 95 ಡಾಲರೆಂಬುದನ್ನು ಕೇಳಿ, ಇಂಥ ಅನ್ಯಾಯವು ಬಹುಕಾಲ ನಿಲ್ಲಲಾರದೆಂದು ನಿಶ್ಚಯಿಸಿ, ಅದು ಇಳಿಯುವ ಪರ್ಯಂತ ತಾಳ್ಮೆಯಿಂದಿರುವುದೇ ವಿವೇಕವೆಂದು ಸುಮ್ಮನಾದೆ.

ಮೈದುನ: ಇಳಿಯಿತೆ?

ಭಾವ: ಈಗ ಆನ್‌ಲೈನಿನಲ್ಲಿ 710. ಇಳಿಯಬೇಕಾದರೆ ಮೊದಲು ಏರಬೇಡವೆ?

ಮೈದುನ: ಈ ಮಧ್ಯೆ ಹತ್ತು ವರ್ಷಕ್ಕೊಮ್ಮೆ ಕಾರ್ಡಿನ ನವೀಕರಣ?

ಭಾವ: ಅದಕ್ಕೂ ಪ್ರತ್ಯೇಕ ಶುಲ್ಕ ತೆರುತ್ತಲೇ ಬಂದಿದ್ದೇನೆ. ಉಳಿತಾಯವೆಂದರೆ ಸುಲಭವೆ?

ಮೈದುನ: ಪರೀಕ್ಷೆಗೆ ಓದಿಕೊಂಡಿದ್ದೀರಾ?

ಭಾವ: ಓದುವುದು ಅವಸರದವರ ಲಕ್ಷಣ. 2025ರ ಅಕ್ಟೋಬರಿನಿಂದ ಪ್ರಶ್ನೆಗಳು ನೂರರಿಂದ 128ಕ್ಕೆ ವೃದ್ಧಿಸಿವೆ. ಆದರೆ ವಯಸ್ಸು 65 ತುಂಬಿ, ಕಾಯಂ ನಿವಾಸಕ್ಕೆ 20 ವರ್ಷ ಕಳೆದವನು, ಇಪ್ಪತ್ತೇ ಪ್ರಶ್ನೆಗಳನ್ನು ಅಭ್ಯಸಿಸಿ, ಕೇಳಿದ ಹತ್ತರಲ್ಲಿ ಆರಕ್ಕೆ, ಅದೂ ದುಭಾಷಿಯ ಮುಖಾಂತರ ಕನ್ನಡದಲ್ಲಿಯೇ, ಉತ್ತರಿಸಿದರೆ ಸಾಕಂತೆ. ನನಗಿನ್ನೂ 63.

ಮೈದುನ: ಹಾಗಾದರೆ ತಾವು ತಡಮಾಡಿದ್ದು ಆಲಸ್ಯದಿಂದಲ್ಲ, ಶಾಸ್ತ್ರಾಧ್ಯಯನದಿಂದ!

ಭಾವ: ಮತ್ತೆ? ಹಸಿರನ್ನು ಹಣ್ಣಾಗಗೊಡಬೇಕಪ್ಪ.

ಮೈದುನ: ಅಕ್ಕ?

ಭಾವ: ಅವಳು ಆಗಲೇ ಪ್ರಜೆಯಾದಳು. ಚುನಾವಣೆ ಬಂದರೆ ವರ್ಷವಿಡೀ ವಾದಿಸುವವನು ನಾನು, ಮತ ಹಾಕುವವಳು ಅವಳು. ಹೊರಗೆ ಕಾರಿನಲ್ಲಿ ಕುಳಿತಿರುವುದೂ ನನ್ನ ಪಾಲಿನದೇ.

ಮೈದುನ: ಇರಲಿ, ತಮಗೆ 65 ತುಂಬುವ ದಿನವೇ ಅರ್ಜಿ ಹಾಕಿಬಿಡೋಣ. ಡಿಸೆಂಬರ್ ಕೊನೆಯಲ್ಲವೆ?

ಭಾವ: ಧನುರ್ಮಾಸದಲ್ಲೇನಯ್ಯ! ಸಂಕ್ರಾಂತಿ ಕಳೆಯಲಿ.